4 ಜಿಬಿಯಲ್ಲಿ ಹನ್ನೊಂದು ದಿನ: ಪೈನ್‌ಬುಕ್ ಪ್ರೋ ಕೈಗೆ ಬರುವ ಮುಂಚೆ

ಇದು 2019ರ ದೀಪಾವಳಿಗೆ ಮುಂಚೆ ಬರೆದದ್ದು. ಹೊಸ ಲ್ಯಾಪ್‌ಟಾಪ್ ಆಯುಧ ಪೂಜೆ ಹೊತ್ತಿಗೆ ಬಂದರೆ ಚೆನ್ನಾಗಿತ್ತು ಅಂದುಕೊಂಡಿದ್ದೆ. ಬರಲಿಲ್ಲ. ಅಂಗಡಿಯ ಎರಡು ಕಂಪ್ಯೂಟರ್, ಲೇಸರ್ ಪ್ರಿಂಟರ್, ಲ್ಯಾಮಿನೇಷನ್ ಮಷಿನ್, ಪೇಪರ್ ಕಟರ್ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿ ಚೆಂಡು ಹೂ ಇಟ್ಟೆ. ಮೇಜಿನ ಬಲಗಡೆ ಒಂದು ಲ್ಯಾಪ್‌ಟಾಪ್ ಹಿಡಿಸುವಷ್ಟು ಜಾಗ ಹಾಗೇ ಖಾಲಿ ಉಳಿಯಿತು. ಈಗ ದೀಪಾವಳಿ ಹತ್ತಿರ ಬಂದಿದೆ. ಅಮಾವಾಸ್ಯೆಯ ಲಕ್ಷ್ಮಿ ಪೂಜೆಗಾದರೂ ಬರಲಿ ಅಂತ ಕಾಯುತ್ತಿದ್ದೇನೆ.

ಕಾಯುತ್ತಿರುವುದು ಪೈನ್‌ಬುಕ್ ಪ್ರೋಗಾಗಿ. ಪೈನ್64 ಅನ್ನುವ ಕಂಪನಿಯ, ವಿಂಡೋಸ್ ಬದಲು ಲಿನಕ್ಸ್ ಅನ್ನುವ ವ್ಯವಸ್ಥೆಯಲ್ಲಿ ನಡೆಯುವ ಲ್ಯಾಪ್‌ಟಾಪ್. 2019ರಲ್ಲಿ ಬೆಲೆ 199.99 ಡಾಲರ್ ಇತ್ತು, ಆಗಿನ ಲೆಕ್ಕದಲ್ಲಿ ಸುಮಾರು 14 ಸಾವಿರ ರೂಪಾಯಿ. ಸಾಗಣೆ ಮತ್ತು ಸುಂಕ ಬೇರೆ. 2019ರ ಜುಲೈ ಕೊನೆಯಲ್ಲಿ ಮುಂಗಡ ಬುಕಿಂಗ್ ಶುರುವಾಯಿತು. ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಅವನ ಕಾರ್ಡಿನಲ್ಲಿ ಆಗಸ್ಟ್ ಕೊನೆಗೆ ದುಡ್ಡು ಕಟ್ಟಿಸಿದೆ.

ಕೈಗೆ ಬಾರದ ವಸ್ತುವಿಗೆ ವಿಮರ್ಶೆ ಏನು ಬರೆಯೋದು ಅಂತ ಕೇಳಬಹುದು. ಬರೆಯಲು ಕಾರಣ ಇದೆ. ಇದರಲ್ಲಿ ಏನಿದೆ, ಏನಿಲ್ಲ ಅನ್ನುವುದನ್ನು ಕಂಪನಿ ಮುಚ್ಚಿಟ್ಟಿಲ್ಲ. ಯಾವ ಚಿಪ್, ಎಷ್ಟು ಮೆಮೊರಿ, ಯಾವುದನ್ನು ಬಿಚ್ಚಿ ಬದಲಿಸಬಹುದು, ಯಾವುದನ್ನು ಆಗೋದಿಲ್ಲ, ಎಲ್ಲ ಮೊದಲೇ ಗೊತ್ತಿದೆ. ಗೊತ್ತಿರುವ ಕೊರತೆಯನ್ನು ನಮ್ಮ ಕೆಲಸಕ್ಕೆ ಹಚ್ಚಿ ನೋಡಬಹುದು ಅಲ್ವಾ? ನಾನು ಹಾಗೆ ನೋಡಿದ್ದೇನೆ. ದುಡ್ಡು ಕಟ್ಟುವ ಮುಂಚೆ ಹನ್ನೊಂದು ದಿನ, ಕಟ್ಟಿದ ಮೇಲೆ ಇನ್ನೊಂದು ವಾರ.

ದಾವಣಗೆರೆಯ ಹದಡಿ ರಸ್ತೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘದ ವಾರ್ಷಿಕ ವರದಿ, ವಿಶ್ವವಿದ್ಯಾಲಯದ ಮಕ್ಕಳ ಪಿಎಚ್‌ಡಿ ಪ್ರಬಂಧ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಲಿನಕ್ಸ್‌ಗೆ ಬಂದದ್ದು ಆಸಕ್ತಿಯಿಂದಲ್ಲ, ಪೆನ್‌ಡ್ರೈವ್‌ನಿಂದ. ಡಿಟಿಪಿ ಅಂಗಡಿಗೆ ದಿನಕ್ಕೆ ಮೂವತ್ತು ನಲವತ್ತು ಪೆನ್‌ಡ್ರೈವ್ ಬರುತ್ತವೆ. ಅದರ ಜೊತೆಗೇ ಶಾರ್ಟ್‌ಕಟ್ ವೈರಸ್ ಬರುತ್ತದೆ. ಫೋಲ್ಡರ್ ಎಲ್ಲ ಮಾಯವಾಗಿ ಬಾಣದ ಗುರುತಿನ ಐಕಾನ್ ಮಾತ್ರ ಉಳಿಯುತ್ತದೆ. ಒಂದು ಪರೀಕ್ಷೆ ಸಮಯದಲ್ಲಿ ಹೀಗಾಗಿ, ಒಂದು ಶಾಲೆಯ ಪ್ರಶ್ನೆಪತ್ರಿಕೆಗಳನ್ನು ರಾತ್ರಿಯಿಡೀ ಕುಳಿತು ಮತ್ತೆ ಹೊಡೆದೆ. ಆಮೇಲೆ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಬಂದು ಡೆಬಿಯನ್ ಅನ್ನುವ ಲಿನಕ್ಸ್ ಹಾಕಿಕೊಟ್ಟ. ಆ ತೊಂದರೆ ಅವತ್ತಿಗೇ ನಿಂತಿತು.

ಹೊಸ ಲ್ಯಾಪ್‌ಟಾಪ್ ಯಾಕೆ ಬೇಕು ಅಂದರೆ, ಕೆಲವರು ಅಂಗಡಿಗೆ ಬರುವ ಸ್ಥಿತಿಯಲ್ಲಿಲ್ಲ. ಆನಗೋಡಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ವಯಸ್ಸು 79. ಅವರ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ನೆನಪನ್ನೆಲ್ಲ ಮೇಷ್ಟ್ರು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟಿದ್ದಾರೆ. ಗಿರಣಿ ಕೂಗಿದ ಹೊತ್ತಿಗೆ ಮನೆಯಲ್ಲಿ ಒಲೆ ಹಚ್ಚುತ್ತಿದ್ದದ್ದು, ಅಪ್ಪನ ತಲೆಗೂದಲಲ್ಲಿ ಕೂತಿರುತ್ತಿದ್ದ ಅರಳೆ, ಇಂಥವು. ಅಕ್ಷರ ನಡುಗುತ್ತದೆ. ಅರ್ಥವಾಗದ ಕಡೆ ಅವರನ್ನೇ ಕೇಳಬೇಕು. ಅದಕ್ಕೆ ಭಾನುವಾರ ಬಸ್ಸಿನಲ್ಲಿ ಹೋಗಿ ಅವರ ಪಡಸಾಲೆಯಲ್ಲಿ ಕುಳಿತು ಟೈಪ್ ಮಾಡುತ್ತೇನೆ. ಈಗಿರುವುದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಚಾರ್ಜರ್ ಸೇರಿ ಮೂರು ಕೆಜಿ ಹತ್ತಿರ ತೂಗುತ್ತದೆ. ಬ್ಯಾಟರಿ ನಲವತ್ತು ನಿಮಿಷ. ಕರೆಂಟ್ ಹೋದರೆ ಕೆಲಸ ಮುಗಿಯಿತು.

ಪೈನ್‌ಬುಕ್ ಪ್ರೋ ತೂಕ 1.26 ಕೆಜಿ. ಬ್ಯಾಟರಿ 10,000 ಎಂಎಎಚ್. ಚಾರ್ಜರ್ 5 ವೋಲ್ಟ್, 3 ಆಂಪಿಯರ್, ಅಂದರೆ 15 ವಾಟ್ ಅಷ್ಟೇ. ಮನೆಯ ಎಲ್‌ಇಡಿ ಬಲ್ಬಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಚಿಕ್ಕ ಯುಪಿಎಸ್ ಇದ್ದರೂ ಬಹಳ ಹೊತ್ತು ನಡೆಯುತ್ತದೆ. ಈ ಮೂರು ಸಂಖ್ಯೆ ಓದಿದಾಗಲೇ ನನ್ನ ಮನಸ್ಸು ಅತ್ತ ವಾಲಿತು. ಆದರೆ ಮನಸ್ಸು ವಾಲಿತು ಅಂತ 14 ಸಾವಿರ ಹಾಕುವ ಶಕ್ತಿ ನನಗಿಲ್ಲ. ಅದಕ್ಕೇ ಅದರ ಕೊರತೆಗಳ ಕಡೆ ಮೊದಲು ನೋಡಿದೆ.

ದೊಡ್ಡ ಕೊರತೆ ಮೆಮೊರಿ. 4 ಜಿಬಿ, ಬೋರ್ಡಿಗೇ ಬೆಸುಗೆ ಹಾಕಿದ್ದು. ನಾಳೆ ಸಾಲದು ಅಂದರೆ ಇನ್ನೊಂದು ಪಟ್ಟಿ ಸಿಕ್ಕಿಸಲು ಸ್ಲಾಟ್ ಇಲ್ಲ. ತಗೊಂಡ ದಿನ ಎಷ್ಟೋ, ಕೊನೆತನಕ ಅಷ್ಟೇ.

ಆ ಪಕ್ಕದ ಮನೆಯ ಹುಡುಗನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಅಕ್ಕಾ, ನಿಮ್ಮ ಈಗಿನ ಲ್ಯಾಪ್‌ಟಾಪ್‌ನಲ್ಲೇ ಮೆಮೊರಿ ಕಡಿಮೆ ಮಾಡಿ ನಡೆಸಿ ನೋಡಬಹುದು" ಅಂದ. ನನ್ನದರಲ್ಲಿ 8 ಜಿಬಿ ಇದೆ. ಲಿನಕ್ಸ್ ಶುರುವಾಗುವ ಮುಂಚೆ ಗ್ರಬ್ ಮೆನು ಬರುತ್ತದಲ್ಲ, ಅಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ 'ಮೆಮ್ ಈಕ್ವಲ್ಸ್ 4ಜಿ' (mem=4G) ಅಂತ ಸೇರಿಸಿ, ಎಫ್10 ಒತ್ತಬೇಕು. ಆ ಒಂದು ಸಲಕ್ಕೆ ಯಂತ್ರ ಅದರ ಮೇಲಿನ ಮೆಮೊರಿಯನ್ನು ಮುಟ್ಟುವುದಿಲ್ಲ. ಏನೂ ಕೆಡುವುದಿಲ್ಲ. ಮತ್ತೆ ಮಾಮೂಲಿಯಾಗಿ ಶುರು ಮಾಡಿದರೆ ಎಲ್ಲ ಮೊದಲಿನಂತೆ. ನಿಜಕ್ಕೂ ಕೈಗೆ ಸಿಕ್ಕಿದ್ದು 4ಕ್ಕಿಂತ ಕಡಿಮೆ, 3.3 ಜಿಬಿ ತೋರಿಸಿತು. ಪರೀಕ್ಷೆ ಇನ್ನೂ ಬಿಗಿಯಾಯಿತು, ಒಳ್ಳೆಯದೇ ಆಯಿತು ಅಂದುಕೊಂಡೆ.

ಹನ್ನೊಂದು ದಿನ ಹೀಗೇ ಕೆಲಸ ಮಾಡಿದೆ. ಮೊದಲ ಮೂರು ದಿನ ವ್ಯತ್ಯಾಸವೇ ತಿಳಿಯಲಿಲ್ಲ. ಟೈಪಿಂಗ್, ಪತ್ರಿಕೆ ಜೋಡಣೆ, ಮೇಲ್ ನೋಡೋದು, ಎಲ್ಲ ಸರಾಗ. 236 ಪುಟದ ಒಂದು ಪ್ರಬಂಧ ಇತ್ತು, ಅರವತ್ತು ಚಿತ್ರ ಸೇರಿ. ಲಿಬ್ರೆ ಆಫೀಸ್‌ನಲ್ಲಿ ಅದನ್ನು ತೆರೆದು, ಪಕ್ಕದಲ್ಲಿ ಫೈರ್‌ಫಾಕ್ಸ್‌ನಲ್ಲಿ ಆರು ಟ್ಯಾಬ್ ಇಟ್ಟುಕೊಂಡು ತಿದ್ದಿದೆ. ನಡೆಯಿತು.

ನಾಲ್ಕನೇ ದಿನ ಎ3 ಪೋಸ್ಟರ್ ಬಂತು. ಅಲ್ಲಿ ಲೆಕ್ಕ ಬೇರೆ. ಎ3 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಮಾಡಿದರೆ 3,508 ಅಡ್ಡ, 4,961 ಉದ್ದ, ಒಟ್ಟು ಒಂದು ಕೋಟಿ ಎಪ್ಪತ್ನಾಲ್ಕು ಲಕ್ಷ ಚುಕ್ಕೆ. ಒಂದು ಚುಕ್ಕೆಗೆ 4 ಬೈಟ್. ಅಂದರೆ ಒಂದು ಪದರಕ್ಕೆ 70 ಎಂಬಿ ಹತ್ತಿರ. ಚಿತ್ರ ತಿದ್ದುವ ಗಿಂಪ್‌ನಲ್ಲಿ ಹತ್ತು ಪದರ ಇಟ್ಟರೆ 700 ಎಂಬಿ. ಹಿಂದೆ ಮಾಡಿದ್ದನ್ನು ರದ್ದು ಮಾಡಲು ಅದು ನೆನಪಿಟ್ಟುಕೊಳ್ಳುವುದು ಬೇರೆ. ಫೈರ್‌ಫಾಕ್ಸ್ ಜೊತೆಗೆ ಇದ್ದದ್ದರಿಂದ ಮೌಸ್ ಬಾಣವೇ ನಿಂತಿತು. ಹಾರ್ಡ್‌ಡಿಸ್ಕ್ ಕರಕರ ಅನ್ನತೊಡಗಿತು. ಗಿರಾಕಿ ಎದುರಿಗೇ ಕೂತಿದ್ದರು. ಆ ಎರಡು ನಿಮಿಷ ನನಗೆ ಬಹಳ ಕಸಿವಿಸಿಯಾಯಿತು.

ಅವತ್ತು ರಾತ್ರಿ ಜೆಡ್‌ರ್ಯಾಮ್ ಹಾಕಿಕೊಂಡೆ. ಮೆಮೊರಿಯ ಒಂದು ಭಾಗದಲ್ಲಿ ಮಾಹಿತಿಯನ್ನು ಒತ್ತಿ, ಚಿಕ್ಕದು ಮಾಡಿ ಇಡುವ ಏರ್ಪಾಡು ಇದು. ಹತ್ತಿಯನ್ನು ಒತ್ತಿ ಮೂಟೆ ಕಟ್ಟಿದ ಹಾಗೆ. ಅಷ್ಟೇ ಜಾಗದಲ್ಲಿ ಜಾಸ್ತಿ ಹಿಡಿಯುತ್ತದೆ, ಬಿಚ್ಚಲು ಸ್ವಲ್ಪ ಹೊತ್ತು ಬೇಕು. ಪೈನ್‌ಬುಕ್ ಪ್ರೋದಂಥ ಯಂತ್ರಕ್ಕೆ ಇದು ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆಂದರೆ ಅದರಲ್ಲಿರುವುದು 64 ಜಿಬಿ ಇಎಂಎಂಸಿ, ಅಂದರೆ ಕಡತಗಳನ್ನು ಉಳಿಸಿಡುವ ಚಿಪ್. ಒಳ್ಳೆಯ ಎಸ್‌ಎಸ್‌ಡಿಯಷ್ಟು ವೇಗ ಇರುವುದಿಲ್ಲ. ಮೇಲಿಂದ ಮೇಲೆ ಬರೆದರೆ ಸವೆಯುತ್ತದೆ. ಮೆಮೊರಿ ತುಂಬಿದಾಗ ಅದರ ಮೇಲೆ ಹೊರೆ ಹಾಕುವುದು ಸರಿಯಲ್ಲ. ಜೆಡ್‌ರ್ಯಾಮ್ ಹಾಕಿ, ಫೈರ್‌ಫಾಕ್ಸ್ ಮುಚ್ಚಿ ಅದೇ ಪೋಸ್ಟರ್ ಮಾಡಿದಾಗ ಕೆಲಸ ಮುಗಿಯಿತು. ಆದರೂ ಒಂದು ತೀರ್ಮಾನ ಮಾಡಿಕೊಂಡೆ: ಪೋಸ್ಟರ್, ಬ್ಯಾನರ್ ಕೆಲಸ ಅಂಗಡಿಯ ದೊಡ್ಡ ಕಂಪ್ಯೂಟರಿಗೇ ಇರಲಿ. ಹೊಸ ಲ್ಯಾಪ್‌ಟಾಪ್ ಅಕ್ಷರದ ಕೆಲಸಕ್ಕೆ.

ಅಂದಹಾಗೆ, ಈ ಇಎಂಎಂಸಿಯನ್ನು ಬೋರ್ಡಿಗೆ ಬೆಸೆದಿಲ್ಲ. ಕಳಚಿ ದೊಡ್ಡದನ್ನು ಹಾಕಬಹುದು. ಮೈಕ್ರೋ ಎಸ್‌ಡಿ ಕಾರ್ಡಿನ ಜಾಗವೂ ಇದೆ. ಬೇಕಾದವರು ಬೇರೆ ಅಡಾಪ್ಟರ್ ತರಿಸಿ ಎನ್‌ವಿಎಂಇ ಅನ್ನುವ ವೇಗದ ಡಿಸ್ಕ್ ಕೂಡ ಕೂರಿಸಬಹುದು. ಮೆಮೊರಿಯಲ್ಲಿ ಇಲ್ಲದ ಅವಕಾಶ ಇಲ್ಲಿದೆ.

ಎರಡನೆಯದು ಪ್ರೊಸೆಸರ್. ಇದರ ಬಗ್ಗೆ ನಮ್ಮ ಕಡೆ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಗೆ ಹೋದರೆ ಐ3, ಐ5 ಅನ್ನುತ್ತಾರೆ. ಅವೆಲ್ಲ ಇಂಟೆಲ್. ಪೈನ್‌ಬುಕ್ ಪ್ರೋದಲ್ಲಿರುವುದು ರಾಕ್‌ಚಿಪ್ ಆರ್‌ಕೆ3399. ಇದು ಎಆರ್‌ಎಂ ಜಾತಿ, ನಮ್ಮ ಮೊಬೈಲ್‌ಗಳಲ್ಲಿ ಇರುವಂಥದ್ದು. ಆರು ಕೋರ್: ಎರಡು ಜೋರಾದವು, ಕಾರ್ಟೆಕ್ಸ್ ಎ72, ನಾಲ್ಕು ಹಗುರದವು, ಕಾರ್ಟೆಕ್ಸ್ ಎ53. ಇದೇ ಚಿಪ್ಪಿನ ರೂಪ 2017ರ ಸ್ಯಾಮ್‌ಸಂಗ್ ಕ್ರೋಮ್‌ಬುಕ್ ಪ್ಲಸ್‌ನಲ್ಲೂ ಇತ್ತು. ಹಾಗಾಗಿ ಇದು ಪಳಗಿದ ಚಿಪ್. ವೇಗದಲ್ಲಿ ಐ5 ಜೊತೆ ಹೋಲಿಸುವ ಹಾಗಿಲ್ಲ.

ಇದನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆ ಮಾಡಲಾಗದು. ಜಾತಿಯೇ ಬೇರೆ. ಸೆಪ್ಟೆಂಬರ್‌ನಲ್ಲಿ ಹುಡುಗ ತನ್ನ ಪ್ರಾಜೆಕ್ಟಿಗೆ ರಾಸ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ತರಿಸಿದ್ದ. ಅದರಲ್ಲೂ ಎ72 ಕೋರ್‌ಗಳೇ, ನಾಲ್ಕು. ಮೆಮೊರಿ 4 ಜಿಬಿ. ಒಂದು ವಾರ ಕೊಟ್ಟ. ಅಂಗಡಿಯ ಮಾನಿಟರಿಗೆ ಸಿಕ್ಕಿಸಿ ಅದೇ 236 ಪುಟದ ಪ್ರಬಂಧ ತೆರೆದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪಿಡಿಎಫ್ ಮಾಡಲು 9 ಸೆಕೆಂಡ್ ಬೇಕಿತ್ತು. ರಾಸ್‌ಬೆರಿ ಪೈಯಲ್ಲಿ 40 ಸೆಕೆಂಡ್. ಟೈಪ್ ಮಾಡುವಾಗ ಅಕ್ಷರ ಹಿಂದೆ ಬೀಳಲಿಲ್ಲ, ಅದು ನನಗೆ ಮುಖ್ಯ. ಪಿಡಿಎಫ್ ದಿನಕ್ಕೆ ಐದಾರು ಸಲ ಮಾಡುತ್ತೇನೆ. ಅಷ್ಟು ಹೊತ್ತು ಕಾಯಬಲ್ಲೆ.

ಕಾಯಲಾಗದ ವಿಷಯ ಬೇರೆ ಇದೆ. ಎಆರ್‌ಎಂ ಮೇಲೆ ಕೆಲವು ಸಾಫ್ಟ್‌ವೇರ್ ನಡೆಯುವುದೇ ಇಲ್ಲ. ಲಿಬ್ರೆ ಆಫೀಸ್, ಗಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಎಲ್ಲ ಸಿಗುತ್ತವೆ. ಇವುಗಳ ಮೂಲ ಬರಹ (ಸೋರ್ಸ್ ಕೋಡ್) ಎಲ್ಲರ ಕೈಯಲ್ಲಿ ಇರುವುದರಿಂದ ಡೆಬಿಯನ್‌ನವರು ಎಆರ್‌ಎಂಗೂ ಕಟ್ಟಿ ಕೊಟ್ಟಿದ್ದಾರೆ. ಆದರೆ ನುಡಿ ತಂತ್ರಾಂಶದ ಹಳೇ ಕಡತಗಳನ್ನು ಯೂನಿಕೋಡ್ ಮಾಡಲು ನಾನು ಒಂದು ವಿಂಡೋಸ್ ಪರಿವರ್ತಕವನ್ನು, ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೂಲಕ ಓಡಿಸುತ್ತೇನೆ. ಇಂಟೆಲ್ ಜಾತಿಗೆ ಬರೆದ ಆ ಕಡತ ಎಆರ್‌ಎಂಗೆ ಅರ್ಥವಾಗುವುದಿಲ್ಲ. ರಾಸ್‌ಬೆರಿ ಪೈಯಲ್ಲಿ ಒತ್ತಿದೆ, ಏಳಲಿಲ್ಲ. ಇಂಟರ್‌ನೆಟ್‌ನಲ್ಲಿ ಪರಿವರ್ತಕಗಳಿವೆ, ಸಂಪರ್ಕ ಇದ್ದಾಗ ಅದನ್ನೇ ಬಳಸಬೇಕು.

ಪ್ರಿಂಟರ್ ಕಥೆಯೂ ಹೀಗೇ. ಊರಿನ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವಂಥ ಒಂದು ಚಿಕ್ಕ ಲೇಸರ್ ಪ್ರಿಂಟರ್ ನನ್ನದು. ಅದರ ಕಂಪನಿ ಲಿನಕ್ಸ್‌ಗೆ ಡ್ರೈವರ್ ಕೊಟ್ಟಿದೆ, ಆದರೆ ಇಂಟೆಲ್ ಜಾತಿಗೆ ಮಾತ್ರ, ಅದೂ ಕಟ್ಟಿಟ್ಟ ಕಡತ. ಮೂಲ ಬರಹ ಇಲ್ಲ. ಆ ಡ್ರೈವರ್ ಬರೆದು ಎಷ್ಟೋ ವರ್ಷ ಆಯಿತು. ಎಆರ್‌ಎಂಗೆ ಅವರು ಕೊಡುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಇದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ. ಪ್ರಿಂಟರ್ ಅಂಗಡಿಯ ಕಂಪ್ಯೂಟರಿಗೇ ಇರುತ್ತದೆ, ಅದನ್ನು ಕಪ್ಸ್ ಅನ್ನುವ ಲಿನಕ್ಸ್‌ನ ಮುದ್ರಣ ವ್ಯವಸ್ಥೆ ಮೂಲಕ ಹಂಚಿಕೊಂಡರೆ ರಾಸ್‌ಬೆರಿ ಪೈಯಿಂದಲೂ ಮುದ್ರಣ ಹೋಯಿತು. ನನಗೆ ಎರಡು ಯಂತ್ರ ಇರುವುದರಿಂದ ಇದು ಸಾಧ್ಯ. ಒಂದೇ ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಇಟ್ಟು ಅಂಗಡಿ ಶುರು ಮಾಡುವವರು ಪೈನ್‌ಬುಕ್ ಪ್ರೋ ತಗೊಳ್ಳಬೇಡಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ತಮ್ಮ ಟೋಕನ್ನಿನ ಡ್ರೈವರ್ ಎಆರ್‌ಎಂಗೆ ಇದೆಯೇ ಅಂತ ಮೊದಲು ನೋಡಿಕೊಳ್ಳಬೇಕು.

ಪರದೆಗೆ ಬರುತ್ತೇನೆ. ಇಷ್ಟು ಕೊರತೆ ಗೊತ್ತಿದ್ದೂ ದುಡ್ಡು ಕಟ್ಟಿದ್ದು ಪರದೆಗಾಗಿ. 14.1 ಇಂಚು, 1920 ಅಡ್ಡ 1080, ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಕೆಡದ ಐಪಿಎಸ್ ಬಗೆಯದು. ನನ್ನ ಈಗಿನದು 15.6 ಇಂಚಿಗೆ 1366 ಅಡ್ಡ 768. ಇಂಚಿಗೆ ನೂರು ಚುಕ್ಕೆ. ಹೊಸದರಲ್ಲಿ 156. ಇಂಗ್ಲಿಷ್ ಓದುವವರಿಗೆ ಇದು ಅಂದದ ವಿಷಯ ಇರಬಹುದು. ಕನ್ನಡಕ್ಕೆ ಇದು ತಪ್ಪು ಒಪ್ಪಿನ ವಿಷಯ. 'ದ'ಗೂ 'ಧ'ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. 'ಬ', 'ಭ' ಹಾಗೇ, 'ಪ', 'ಫ' ಹಾಗೇ. ಒತ್ತಕ್ಷರ ಅಂದರೆ ಮುಖ್ಯ ಅಕ್ಷರಕ್ಕಿಂತ ಚಿಕ್ಕದು, ಅದರಲ್ಲೂ 'ರಾಷ್ಟ್ರ', 'ಸ್ತ್ರೀ' ಅಂಥ ಕಡೆ ಎರಡು ಒತ್ತು ಒಂದರ ಪಕ್ಕ ಒಂದು ಕೂರುತ್ತವೆ. ಮಸುಕು ಪರದೆಯಲ್ಲಿ ಅವೆಲ್ಲ ಒಂದು ಕಪ್ಪು ಚುಕ್ಕಿ ಆಗುತ್ತವೆ. ಮದುವೆ ಪತ್ರಿಕೆಯಲ್ಲಿ 'ವಧು' ಹೋಗಿ 'ವದು' ಆದರೆ ಐನೂರು ಪ್ರತಿ ಮತ್ತೆ ಹಾಕಿಸಬೇಕು. ನಾನು ಹಾಕಿಸಿದ್ದೇನೆ. ಅವತ್ತಿನಿಂದ ಪ್ರತಿ ಪುಟವನ್ನೂ 200 ಪರ್ಸೆಂಟ್ ದೊಡ್ಡದು ಮಾಡಿ ಪ್ರೂಫ್ ನೋಡುತ್ತೇನೆ. ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತದೆ. 14 ಸಾವಿರದ ಆಸುಪಾಸಿನ ಹೊಸ ಲ್ಯಾಪ್‌ಟಾಪ್‌ಗಳನ್ನು ಊರಿನ ಅಂಗಡಿಗಳಲ್ಲಿ ನೋಡಿ ಬಂದೆ. ಎಲ್ಲಿಯೂ ಈ ಪರದೆ ಕಾಣಲಿಲ್ಲ.

ಒಂದೆರಡು ಸತ್ತ ಚುಕ್ಕೆ ಇದ್ದರೆ ಅದನ್ನು ದೋಷ ಅಂತ ಪರಿಗಣಿಸುವುದಿಲ್ಲ ಅಂತಲೂ ಮಾರಾಟದ ಪುಟದಲ್ಲೇ ಬರೆದಿದ್ದಾರೆ. ವಾರಂಟಿ 30 ದಿನ ಮಾತ್ರ. ಇದನ್ನು ಓದಿ ನಮ್ಮ ಮನೆಯವರು ಬೇಡ ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಅಶೋಕ ಟಾಕೀಸ್ ಗೇಟಿನ ಹತ್ತಿರ ನನಗೆ ಗೊತ್ತಿರುವ ರಿಪೇರಿಯವರೂ ಬೋರ್ಡ್ ಕೆಟ್ಟರೆ ತಮ್ಮಿಂದ ಆಗುವುದಿಲ್ಲ ಅಂದರು. ಬಿಡಿಭಾಗ ಕಂಪನಿಯಿಂದಲೇ ತರಿಸಬಹುದು. ಆದರೆ ಹೊರದೇಶದಿಂದ ಬರಬೇಕು. ಈ ಭಯ ನನಗೂ ಇದೆ. ಅದನ್ನು ಇಟ್ಟುಕೊಂಡೇ ತಗೊಂಡಿದ್ದೇನೆ.

ಕೀಲಿಮಣೆಗೆ ಕನ್ನಡ ಅಕ್ಷರ ಇರುವುದಿಲ್ಲ, ಬೇಕೂ ಇಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕೆಜಿಪಿ ವಿನ್ಯಾಸ ಬೆರಳಿಗೆ ಕೂತಿದೆ. ಒತ್ತಿಗೆ 'ಎಫ್'. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಿಸುವ ಐಬಸ್ ಮತ್ತು ಎಂ17ಎನ್ ಹಾಕಿದರೆ ಅದೇ ವಿನ್ಯಾಸ ಸಿಗುತ್ತದೆ, ರಾಸ್‌ಬೆರಿ ಪೈಯಲ್ಲೂ ಸಿಕ್ಕಿತು. ಫಾಂಟ್‌ಗಳಿಗೆ ಡೆಬಿಯನ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್ ಮೂರೂ ಒಂದೇ ಗಂಟಿನಲ್ಲಿ ಬರುತ್ತವೆ. ನನಗೆ ಪುಸ್ತಕದ ಒಳಪುಟಕ್ಕೆ ಗುಬ್ಬಿ ಇಷ್ಟ. ಪುಟ ಜೋಡಿಸಲು ಸ್ಕ್ರೈಬಸ್ ಬಳಸುವವರು 1.5.3 ಅಥವಾ ಅದರ ಮೇಲಿನದನ್ನೇ ಹಾಕಿಕೊಳ್ಳಿ. ಅದಕ್ಕಿಂತ ಹಳೆಯದರಲ್ಲಿ ಕನ್ನಡದ ಒತ್ತಕ್ಷರ ಚದುರಿ ಬೀಳುತ್ತದೆ.

ಫ್ಯಾನ್ ಇಲ್ಲ. ಹದಡಿ ರಸ್ತೆಯ ದೂಳಿಗೆ ಅಂಗಡಿಯ ಕಂಪ್ಯೂಟರ್ ಫ್ಯಾನನ್ನು ಎರಡು ತಿಂಗಳಿಗೊಮ್ಮೆ ಬಿಚ್ಚಿ ಒರೆಸುವ ನನಗೆ ಇದು ದೊಡ್ಡ ಸಮಾಧಾನ. ಹಾಗಂತ ಬಿಸಿ ಎಲ್ಲಿಗೂ ಹೋಗುವುದಿಲ್ಲ. ಚಿಪ್ ಕಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಮಧ್ಯಾಹ್ನದ ಕೆಲಸ ನಿಧಾನವಾಗಬಹುದು. ಎಫ್10, ಎಫ್11, ಎಫ್12 ಕೀಲಿಗಳನ್ನು ಒತ್ತಿ ಹಿಡಿದರೆ ಮೈಕ್, ವೈಫೈ, ಕ್ಯಾಮೆರಾ ಒಂದೊಂದಾಗಿ ಬಂದ್ ಆಗುತ್ತವೆ. ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಹೊಡೆಯುವವಳಿಗೆ ವೈಫೈ ಕೀಲಿ ಬಹಳ ಉಪಯೋಗ. ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ ಇಲ್ಲ, ಎಚ್‌ಡಿಎಂಐ ಇಲ್ಲ. ಟಿವಿಗೋ ಪ್ರೊಜೆಕ್ಟರಿಗೋ ಹಾಕಬೇಕೆಂದರೆ ಯುಎಸ್‌ಬಿ ಸಿ ಕಡೆಯಿಂದ ಅಡಾಪ್ಟರ್ ಬೇಕು. ಪೆನ್‌ಡ್ರೈವಿಗೆ ಎರಡು ಜಾಗ ಇದೆ.

2004ರಲ್ಲಿ ನಾನು ಟೈಪಿಂಗ್ ಕಲಿಯುತ್ತಿದ್ದಾಗ ಪೇಪರಿನಲ್ಲಿ ಸಿಂಪ್ಯೂಟರ್ ಸುದ್ದಿ ಓದಿದ್ದೆ. ಬೆಂಗಳೂರಿನವರೇ ರೂಪಿಸಿದ್ದು, ಲಿನಕ್ಸ್ ಮೇಲೆ ನಡೆಯುತ್ತಿದ್ದದ್ದು. ಬಡವರ ಕೈಗೂ ಕಂಪ್ಯೂಟರ್ ಅಂತ ಬರೆದಿದ್ದರು. ಆ ತುಣುಕನ್ನು ಕತ್ತರಿಸಿ ಟೈಪಿಂಗ್ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ನನ್ನ ಕೈಗೆ ಅದು ಬರಲೇ ಇಲ್ಲ. ಆಗಿನ ಆಸೆ ಇನ್ನೂ ಹೋಗಿಲ್ಲ ಅಂತ ಈ ಬಾರಿ ಕಾಯುವಾಗ ಗೊತ್ತಾಯಿತು.

ಯಾರಾದರೂ ಅಂಗಡಿಗೆ ಬಂದು ಕೇಳಿದರೆ ನಾನು ಹೇಳುವುದು ಇಷ್ಟು. ಮಗನ ಕಾಲೇಜಿಗೆ ಒಂದೇ ಲ್ಯಾಪ್‌ಟಾಪ್ ಬೇಕು ಅಂದರೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಐ5 ಹುಡುಕಿ, ಮೆಮೊರಿ 8 ಜಿಬಿ ಮಾಡಿಸಿ, ಲಿನಕ್ಸ್ ಹಾಕಿಸಿ. ಅದರಲ್ಲಿ ಎಲ್ಲ ನಡೆಯುತ್ತದೆ. ಬರವಣಿಗೆಯೇ ಕೆಲಸ, ಓಡಾಟ ಜಾಸ್ತಿ, ಕರೆಂಟ್ ನಂಬುವ ಹಾಗಿಲ್ಲ ಅನ್ನುವವರು ಪೈನ್‌ಬುಕ್ ಪ್ರೋ ಕಡೆ ನೋಡಬಹುದು. ಆದರೆ ಅದಕ್ಕೆ ಮುಂಚೆ 'ಮೆಮ್ ಈಕ್ವಲ್ಸ್ 4ಜಿ' ಹಾಕಿಕೊಂಡು ಒಂದು ವಾರ ನಿಮ್ಮ ದಿನದ ಕೆಲಸ ಮಾಡಿ. ಸುಮ್ನೆ ಪರೀಕ್ಷೆಗೆ ಅಂತ ಅದೂ ಇದೂ ತೆರೆಯಬೇಡಿ, ನಿಜವಾದ ಕೆಲಸವನ್ನೇ ಮಾಡಿ. ಪ್ರಿಂಟರಿನ ಡ್ರೈವರ್ ಹೆಸರು ಬರೆದುಕೊಂಡು ಎಆರ್‌ಎಂಗೆ ಇದೆಯೇ ನೋಡಿ.

ಹೋದ ಭಾನುವಾರ ಆನಗೋಡಿಗೆ ಹೋಗಿದ್ದೆ. ಹತ್ತೂವರೆಗೆ ಕರೆಂಟ್ ಹೋಯಿತು, ಹನ್ನೊಂದಕ್ಕೆ ಲ್ಯಾಪ್‌ಟಾಪ್ ಆರಿತು. ಐದನೇ ನೋಟ್‌ಬುಕ್‌ನಲ್ಲಿ ನಾಲ್ಕು ಪುಟ ಉಳಿದಿತ್ತು. ಅದನ್ನು ಅಂಗಡಿಗೆ ತಂದು ಮುಗಿಸಿದೆ. ಆರನೆಯದನ್ನು ಕೊಡಿ ಮೇಷ್ಟ್ರೇ ಅಂತ ಕೇಳಿದ್ದೆ. ಅವರು ಕೊಡಲಿಲ್ಲ.

"ನಿನ್ನ ಹೊಸ ಪೆಟ್ಟಿಗಿ ಬರ್ಲಿ ಬಿಡವ್ವಾ" ಅಂದರು. "ಮೂರು ತಾಸು ಆರಾಮ ಕುಂತು ಹೇಳ್ತೀನಿ. ಬರ್ದಿದ್ದಕ್ಕಿಂತ ಬಿಟ್ಟಿದ್ದೇ ಜಾಸ್ತಿ ಐತಿ."